ಇಗ್ನೋ ಎಂಪಿಎ, ಆನ್‌ಲೈನ್ ಪಾಲಿಸಿ ಕೋರ್ಸು: ಜೇವರ್ಗಿ ಬಸ್ಸಿನಲ್ಲಿ ಎರಡನ್ನೂ ಓದಿ ನೋಡಿದೆ

ಪಬ್ಲಿಕ್ ಪಾಲಿಸಿ ಓದುತ್ತೇನೆ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: “ಸರಕಾರಕ್ಕ ನೀತಿ ಕಲಸ್ಲಾಕ ಹೊಂಟಿಯೇನು?” ಕನ್ನಡದಲ್ಲಿ ಈ ವಿಷಯದ ಹೆಸರು ಸಾರ್ವಜನಿಕ ನೀತಿ. ನಮ್ಮ ಮನೆಯಲ್ಲಿ ನೀತಿ ಅಂದರೆ ಇವತ್ತಿಗೂ ಮೂರನೇ ಕ್ಲಾಸಿನ ನರಿ-ದ್ರಾಕ್ಷಿ ಕತೆ. ಆಮೇಲೆ ಯಾರೇ ಕೇಳಿದರೂ “ಎಂ.ಎ. ಮಾಡ್ಲಕತ್ತೀನ್ರಿ” ಅಂದು ಮುಗಿಸಿಬಿಟ್ಟೆ.

ಮನೆ ಕಲಬುರಗಿ, ನೌಕರಿ ಜೇವರ್ಗಿ. ಪ್ರಥಮ ದರ್ಜೆ ಸಹಾಯಕಿ. ಹೋಗಿಬರುವುದು ಹತ್ತಿರಹತ್ತಿರ ಎಂಬತ್ತು ಕಿಲೋಮೀಟರ್, ಬಸ್ಸಿನಲ್ಲೇ ಎರಡೂವರೆ ತಾಸು ಕಳೆಯುತ್ತದೆ. ಆ ಎರಡೂವರೆ ತಾಸಿನಲ್ಲೇ ಎರಡು ಕೋರ್ಸು ಮುಗಿಸಿದ್ದೇನೆ. ಮೊದಲು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂಪಿಎ, ಅಂದರೆ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ. ಆಮೇಲೆ ಬೆಂಗಳೂರಿನ ಒಂದು ಸಂಸ್ಥೆಯ ಒಂದು ವರ್ಷದ ಆನ್‌ಲೈನ್ ಪಾಲಿಸಿ ಕೋರ್ಸು. ಎರಡರಾಗ ಯಾವುದು ಛಲೋ ಅಂತ ಕಚೇರಿಯಲ್ಲಿ ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇಗ್ನೋದ ದೊಡ್ಡ ಗುಣ ತಾಳ್ಮೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದ ತನಕ ಎಳೆಯಬಹುದು. ಪರೀಕ್ಷೆ ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ. ಅಸೈನ್‌ಮೆಂಟಿಗೆ ನೂರಕ್ಕೆ 30, ಪರೀಕ್ಷೆಗೆ 70. 2023ರ ಮೇ 10ರಂದು ವಿಧಾನಸಭೆ ಚುನಾವಣೆ ಇತ್ತು. ಏಪ್ರಿಲ್‌ನಿಂದಲೇ ಮತಗಟ್ಟೆ ತರಬೇತಿ, ಮೇಲಿಂದ ನಲವತ್ತು ಡಿಗ್ರಿ ದಾಟಿದ ಬಿಸಿಲು, ಪುಸ್ತಕ ತೆರೆಯುವ ಮಾತೇ ಇರಲಿಲ್ಲ. ಜೂನ್‌ನ ಎರಡು ಪೇಪರ್ ಬಿಟ್ಟೆ, ಡಿಸೆಂಬರ್‌ನಲ್ಲಿ ಬರೆದೆ. ಯಾಕೆ ಏನು ಅಂತ ಯಾರೂ ಕೇಳಲಿಲ್ಲ. ಆನ್‌ಲೈನ್ ಕೋರ್ಸಿನಲ್ಲಿ ಈ ಆಟ ನಡೆಯುವುದಿಲ್ಲ. ಭಾನುವಾರ ರಾತ್ರಿ 11.59 ಅಂದರೆ 11.59. ನಾದಿನಿಯ ಕುಬಸದ ದಿನ ಅಡುಗೆಮನೆಯ ಹಿಂದೆ ಅಕ್ಕಿ ಚೀಲದ ಮೇಲೆ ಕುಳಿತು ಮೊಬೈಲ್‌ನಲ್ಲಿ ಬರೆದು ಕಳಿಸಿದ್ದೇನೆ. ಅತ್ತೆಯವರು ಅದನ್ನು ಇನ್ನೂ ಮರೆತಿಲ್ಲ.

ಇದು ಅನುಕೂಲದ ಮಾತಾಯಿತು. ಓದಿನಲ್ಲಿ ಎರಡಕ್ಕೂ ಇರುವ ಅಂತರ ನನಗೆ ಗೊತ್ತಾಗಿದ್ದು ಒಂದು ಚೀಟಿಯಿಂದ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಇಗ್ನೋದ ಎಂಪಿಎ-015, ಅಂದರೆ ಸಾರ್ವಜನಿಕ ನೀತಿ ಮತ್ತು ವಿಶ್ಲೇಷಣೆ ಅನ್ನುವ ಪೇಪರಿನಲ್ಲಿ ನೀತಿ ಜಾರಿಯ ತೊಡಕುಗಳ ಬಗ್ಗೆ ಬರೆಯುವಾಗ ಶಕ್ತಿಯನ್ನೇ ಉದಾಹರಣೆಗೆ ತೆಗೆದುಕೊಂಡೆ. ವ್ಯಾಖ್ಯೆ, ಉದ್ದೇಶ, ಅನುಕೂಲ, ಅನಾನುಕೂಲ, ಉಪಸಂಹಾರ. ನೀಲಿ ಶಾಯಿಯಲ್ಲಿ ದುಂಡಗೆ ಬರೆದ ಎಂಟು ಹಾಳೆ. ಅಂಕ ಚೆನ್ನಾಗಿಯೇ ಬಂತು. ತಪ್ಪು ಪುಸ್ತಕದ್ದಲ್ಲ, ಪಿಯುಸಿಯಿಂದ ಬಂದ ನನ್ನ ಕೈಚಾಳಿ ಅದು: ಯಾವ ಪ್ರಶ್ನೆ ಕೊಟ್ಟರೂ ಐದು ಉಪಶೀರ್ಷಿಕೆ ಹಾಕಿ ಅಡಿಗೆರೆ ಎಳೆಯುವುದು.

ಮರುವರ್ಷ ಆನ್‌ಲೈನ್ ಕೋರ್ಸಿನಲ್ಲಿ ಅದೇ ಶಕ್ತಿಯ ಮೇಲೆ ಸಾರಿಗೆ ಇಲಾಖೆಯ ಕಾರ್ಯದರ್ಶಿಗೆ ಅಂತ ಒಂದು ಪುಟದ ಟಿಪ್ಪಣಿ ಬರೆಯಬೇಕಿತ್ತು. ಎಂಟು ಹಾಳೆಯನ್ನು ಒಂದಕ್ಕೆ ಇಳಿಸಿ ಕಳಿಸಿದೆ. ಅಂಚಿನಲ್ಲಿ ಮೂರು ಪ್ರಶ್ನೆ ಹೊತ್ತು ವಾಪಸು ಬಂತು: ದುಡ್ಡು ಯಾರದು? ಯಾವ ಲೆಕ್ಕದ ಮೇಲೆ ಕೊಡುತ್ತಾರೆ? ಆ ಲೆಕ್ಕದಲ್ಲಿ ಯಾರು ಬಿಟ್ಟುಹೋಗುತ್ತಾರೆ?

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಶೂನ್ಯ ಟಿಕೆಟ್ ಹರಿಯುತ್ತ ಬಂದರು. ಪಕ್ಕದ ಮುದುಕಿ, ಬಿಟ್ಟಿ ಅಂದಮ್ಯಾಗ ಚೀಟಿ ಯಾಕಪಾ ಅಂತ ಕೈ ಒದರಿದಳು. “ಅಮ್ಮಾ, ಈ ಚೀಟಿ ಹರೀಲಿಲ್ಲಂದ್ರ ನಮ್ಮ ನಿಗಮಕ್ಕ ಸರಕಾರ ರೊಕ್ಕ ಕೊಡಂಗಿಲ್ಲ, ತಗೋ,” ಅಂದರು ಅವರು. ವರ್ಷದಿಂದ ಅದೇ ಚೀಟಿಯನ್ನು ಪುಸ್ತಕದ ಗುರುತಿಗೆ ಇಡುತ್ತಿದ್ದವಳು ನಾನು. ನಿಗಮಕ್ಕೆ ಸರ್ಕಾರ ಮರುಪಾವತಿ ಮಾಡುವುದು ಈ ಟಿಕೆಟ್‌ಗಳ ಲೆಕ್ಕದ ಮೇಲೆ ಅನ್ನುವುದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅದನ್ನು ಹಿಡಿದು ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಹತ್ತಿದವರಿಗಷ್ಟೇ ಚೀಟಿ. ಬಸ್ಸು ತುಂಬಿ ಫರಹತಾಬಾದ್ ಸ್ಟಾಪಿನಲ್ಲಿ ಹತ್ತಲಾಗದೆ ಉಳಿದ ಹೆಂಗಸರಿಗೆ ಚೀಟಿ ಇಲ್ಲ, ಆದ್ದರಿಂದ ಯಾವ ಲೆಕ್ಕದಲ್ಲೂ ಅವರಿಲ್ಲ. ಆರು ದಿನ ಕಿಟಕಿ ಪಕ್ಕ ಕುಳಿತು ಎಣಿಸಿದೆ. ಸೋಮವಾರ 14, ಮಂಗಳವಾರ 9, ಗುರುವಾರ ಬರೀ 3. ನೋಟ್‌ಬುಕ್ಕಿನ ಹಿಂದಿನ ಹಾಳೆಯ ಆ ಆರು ಅಂಕಿ ಹಾಕಿ ಟಿಪ್ಪಣಿ ತಿದ್ದಿ ಕಳಿಸಿದಾಗ ಪಾಸಾಯಿತು.

ಹಾಗಂತ ಆನ್‌ಲೈನ್ ಕೋರ್ಸೇ ಮೇಲು ಅಂತ ತೀರ್ಪು ಕೊಡಲಾರೆ. ಅಲ್ಲಿ ಎಲ್ಲವೂ ಇವತ್ತಿನದು, ಎಲ್ಲವೂ ಗ್ರಾಫು. ಒಂದು ತರಗತಿಯಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಚರ್ಚೆ ಬಂತು. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಶುರುಮಾಡಿದ ಯೋಜನೆ, ದೇಶದ 112 ಜಿಲ್ಲೆ, ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ. ಪರದೆಯ ಮೇಲೆ ಯಾದಗಿರಿ ಒಂದು ಚುಕ್ಕೆ. ತಿಂಗಳಿಂದ ತಿಂಗಳಿಗೆ ಎಷ್ಟು ಸುಧಾರಿಸಿತು ಅನ್ನುವುದರ ಮೇಲೆ ರ‍್ಯಾಂಕು. ಹಿಂದೆ ಉಳಿದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳಲು ಟೈಮೂ ಇರಲಿಲ್ಲ, ಮುಂದಿನ ಸ್ಲೈಡ್ ಬಂದಾಗಿತ್ತು.

ಆ ಪುರುಸೊತ್ತು ಸಿಕ್ಕಿದ್ದು ಇಗ್ನೋದಲ್ಲಿ. ಎಂಪಿಎ-016 ವಿಕೇಂದ್ರೀಕರಣದ ಪೇಪರು. ಅದರಲ್ಲಿ ಪಂಚಾಯತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಓದುತ್ತ ಅಡ್ಡದಾರಿ ಹಿಡಿದು ನಮ್ಮ ರಾಜ್ಯದ 1983ರ ಪಂಚಾಯತ್ ಕಾಯ್ದೆಗೆ, ಅಪ್ಪ ‘ನೀರ್ ಸಾಬ್’ ಅಂತ ಕರೆಯುತ್ತಿದ್ದ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ 1987ರ ಜಿಲ್ಲಾ ಪರಿಷತ್ತಿಗೆ ಹೋದೆ. ಅಲ್ಲಿಂದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ನಂಜುಂಡಪ್ಪ ಸಮಿತಿ ವರದಿಗೆ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ನಾನು ದಿನಾ ಇಳಿಯುವ ಜೇವರ್ಗಿಯೂ ಆ ಪಟ್ಟಿಯಲ್ಲಿದೆ. ಕಲ್ಯಾಣ ಕರ್ನಾಟಕದವರಿಗೆ ಇರುವ 371-ಜೆ ಮೀಸಲಾತಿಯಲ್ಲಿ ನೌಕರಿ ಹಿಡಿದವಳಿಗೆ ಆ ವರದಿ ನಮ್ಮ ಮನೆಯದೇ ಕಾಗದಪತ್ರ ಇದ್ದ ಹಾಗೆ. ಪರೀಕ್ಷೆಗೆ ಅದರಲ್ಲಿ ಒಂದು ಸಾಲೂ ಬೇಕಾಗಲಿಲ್ಲ.

ಭಾಷೆಯ ಮಾತು. ಎಂಪಿಎ ಇಂಗ್ಲಿಷ್ ಇಲ್ಲವೇ ಹಿಂದಿ. ಆನ್‌ಲೈನಿನದು ಪೂರ್ತಿ ಇಂಗ್ಲಿಷ್. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಿದ ಸಹೋದ್ಯೋಗಿಯೊಬ್ಬರ ಕನ್ನಡ ಪುಸ್ತಕಗಳನ್ನು ಕಡ ತಂದು ಪಕ್ಕಕ್ಕೆ ಇಟ್ಟುಕೊಂಡೆ. ಜರ್ಮನ್ ಸಮಾಜಶಾಸ್ತ್ರಜ್ಞ ವೆಬರ್‌ನ ಬ್ಯುರಾಕ್ರಸಿ ಎರಡು ಸಲ ಓದಿದರೂ ಕೈಗೆ ಸಿಗದೆ ಜಾರುತ್ತಿತ್ತು. ‘ಅಧಿಕಾರಶಾಹಿ’ ಅಂತ ಕಂಡ ಕೂಡಲೇ ಕುಳಿತಿತು. ಬಹಮನಿ ಕೋಟೆಯ ಊರಿನವರಿಗೆ ಶಾಹಿ ಅಂದರೇನು ಅಂತ ಬಿಡಿಸಿ ಹೇಳಬೇಕೆ? ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಬರೆಯುವುದು ದುಪ್ಪಟ್ಟು ಕೆಲಸ ನಿಜ, ಆದರೆ ಇಂಗ್ಲಿಷಿನಲ್ಲೇ ಮೂರು ಸಲ ಓದುವುದಕ್ಕಿಂತ ಬೇಗ ಆಗುತ್ತದೆ.

ಇನ್ನು ಕಾಗದದ ಬೆಲೆ. ನೌಕರಿಯಲ್ಲಿ ಇರುವವರು ಮೊದಲು ಇಲಾಖೆಯ ಅನುಮತಿ ತಗೊಂಡು ಆಮೇಲೆ ಫೀ ಕಟ್ಟಿರಿ. ಎಂಪಿಎ ಯುಜಿಸಿ ಮಾನ್ಯತೆಯ ಪದವಿ, ಸೇವಾ ಪುಸ್ತಕದಲ್ಲಿ ನಮೂದಾಯಿತು. ನಾನು ಮಾಡಿದ ಆನ್‌ಲೈನ್ ಕೋರ್ಸಿನ ಹೆಸರಲ್ಲಿ ‘ಪೋಸ್ಟ್ ಗ್ರಾಜುಯೇಟ್’ ಅಂತ ಇದ್ದರೂ ಅದು ಪದವಿಯಲ್ಲ, ಪ್ರಮಾಣಪತ್ರ. ಎಂಪಿಎದ ಎರಡೂ ವರ್ಷದ ಫೀ ಸೇರಿಸಿದರೂ ನನ್ನ ಒಂದು ತಿಂಗಳ ಸಂಬಳ ಮುಟ್ಟಲಿಲ್ಲ. ಆ ಪ್ರಮಾಣಪತ್ರಕ್ಕೆ ಬಂಗಾರದ ಬಳೆ ಬಿಡಿಸಿಕೊಳ್ಳುವುದು ಒಂದು ವರ್ಷ ಮುಂದಕ್ಕೆ ಹೋಯಿತು.

ಪೂರ್ಣಾವಧಿಯದನ್ನು ನಾನು ಹೊಸ್ತಿಲ ತನಕ ಮಾತ್ರ ನೋಡಿದ್ದೇನೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎರಡು ವರ್ಷದ ಎಂಪಿಪಿ, ಅಂದರೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ, ಪ್ರವೇಶಕ್ಕೆ ಎನ್‌ಎಲ್‌ಸ್ಯಾಟ್ ಬರೆಯಬೇಕು. ಹಳೇ ಪ್ರಶ್ನೆಪತ್ರಿಕೆ ತೆಗೆದು ತಿಂಗಳು ಓದಿದೆ. ಅತ್ತ ಅಧ್ಯಯನ ರಜೆಯ ಕಡತ ಮೇಲಕ್ಕೆ ಹೋಗಿ ಮಲಗಿಬಿಟ್ಟಿತು, ಇತ್ತ ಪರೀಕ್ಷೆಯ ದಿನಾಂಕ ದಾಟಿಹೋಯಿತು.

ಅಕ್ಕನ ಮಗಳು ಬಿ.ಎ. ಕೊನೇ ವರ್ಷದಲ್ಲಿದ್ದಾಳೆ. ಹೋದ ವಾರ ಅವಳೂ ಇದನ್ನೇ ಕೇಳಿದಳು. ನೌಕರಿ ಇಲ್ಲ, ಮದುವೆ ಇಲ್ಲ, ನೀನು ಪೂರ್ಣಾವಧಿಗೇ ಹೋಗು ಅಂದೆ. ಕಚೇರಿಯವರಿಗೆ ಮಾತ್ರ, ಮೊದಲು ಎಂಪಿಎ ಮಾಡ್ರಿ, ಅಷ್ಟಾದ ಮೇಲೂ ಕೈಯಲ್ಲಿ ರೊಕ್ಕ, ತಲೆಯಲ್ಲಿ ಪ್ರಶ್ನೆ ಎರಡೂ ಉಳಿದಿದ್ದರೆ ಇನ್ನೊಂದು ಅನ್ನುತ್ತೇನೆ. “ಮತ್ತ ನೀ ಇನ್ನೇನು ಓದಾಕಿ ಚಿಗವ್ವಾ?” ಅಂದಳು. ಸದ್ಯಕ್ಕೆ ಏನೂ ಇಲ್ಲ. ಎಣಿಸುವುದಂತೂ ಬಿಟ್ಟಿಲ್ಲ. ಶಾಲೆ ಶುರುವಾದ ವಾರ ಫರಹತಾಬಾದಿನಲ್ಲಿ 22.