ಕೆಟ್ಟದ್ದು ಬೀಗವೇ ಅಲ್ಲ, ಹೋದದ್ದು ಮಾತ್ರ 18,000

ಮಲ್ಪೆ, ಕೊಡವೂರು, ಪಡುಕೆರೆ, ಕಾಪು, ಆಚೆ ಸುರತ್ಕಲ್, ಪಣಂಬೂರು ಅಂತ ಕಡಲಬದಿಯಲ್ಲಿ ಮನೆ ಕಟ್ಟಿ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಡಬಲ್ ಗ್ಲಾಸ್ ಬಾಗಿಲು, ಕಿಟಕಿ ಹಾಕಿಸಿಕೊಂಡವರು ಒಮ್ಮೆ ಇದನ್ನು ಓದಿ. ಬೀಗ ಬಿಗಿಯಾಯಿತು, ಹ್ಯಾಂಡಲ್ ಏಳುತ್ತಿಲ್ಲ ಅಂತ ಮೊಬೈಲಿನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಫೋನ್ ಹಚ್ಚುವ ಮೊದಲು ಒಂದು ಕೆಲಸ ಮಾಡಿ. ಬಾಗಿಲನ್ನು ಪೂರ್ತಿ ತೆರೆದಿಡಿ. ತೆರೆದ ಬಾಗಿಲಿನಲ್ಲೇ ಹ್ಯಾಂಡಲ್ ಎತ್ತಿ, ಕೀ ತಿರುಗಿಸಿ ನೋಡಿ. ಸಲೀಸಾಗಿ ಆಡಿತೋ, ನಿಮ್ಮ ಬೀಗಕ್ಕೆ ಏನೂ ಆಗಿಲ್ಲ. ತೊಂದರೆ ಬೇರೆ ಕಡೆ ಉಂಟು. ಅರ್ಧ ನಿಮಿಷದ ಈ ಪರೀಕ್ಷೆ ನನಗೆ ಗೊತ್ತಾದದ್ದು 18,000 ರೂಪಾಯಿ ಕೈಬಿಟ್ಟ ಮೇಲೆ.

ನಮ್ಮದು ಕೊಡವೂರಿನ ಆಚೆ, ಮಹಡಿ ಮೇಲೆ ನಿಂತರೆ ಕಡಲು ಕಾಣುವ ಮನೆ. ನಮ್ಮವರು ಮಸ್ಕತ್ತಿನಲ್ಲಿದ್ದಾರೆ. ಅಲ್ಲಿ ಎಲ್ಲ ಕಡೆ ಇಂಥದ್ದೇ ಬಾಗಿಲು ನೋಡಿ, ಮನೆ ಕಟ್ಟುವಾಗ "ಮರದ್ದು ಬೇಡ, ಮಳೆಗೆ ಉಬ್ತದೆ" ಅಂತ ಪಡುವಣ ಬಾಲ್ಕನಿಗೆ ಡಬಲ್ ಗ್ಲಾಸಿನದ್ದೇ ಹಾಕಿಸಿದರು. ಏಳು ವರ್ಷ ಒಂದು ಸದ್ದಿಲ್ಲ. ಗಾಳಿ ಎಷ್ಟೇ ಬೊಬ್ಬೆ ಹಾಕಲಿ, ಒಳಗೆ ಅತ್ತೆಯ ಧಾರಾವಾಹಿ ಸ್ಪಷ್ಟ ಕೇಳುತ್ತಿತ್ತು. ಸಾಮಾನ್ಯ ಬಾಗಿಲಿಗೆ ಬೀಗ ಹಿಡಿಯುವುದು ಒಂದು ಕಡೆ. ಇದಕ್ಕೆ ಹ್ಯಾಂಡಲನ್ನು ಮೇಲಕ್ಕೆ ಎತ್ತಿದರೆ ಅಂಚಿನ ಉದ್ದಕ್ಕೂ ಕೊಕ್ಕೆಗಳು ಹೊರಬಂದು ದಾರಂದದ ತಗಡಿನ ತೂತುಗಳಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮದರಲ್ಲಿ ಐದು ಕಡೆ. ಆಮೇಲೆ ಕೀ ತಿರುಗಿಸಬೇಕು. ಮಳೆಯ ನೀರು ಒಳಬಾರದ ಹಾಗೆ ಬಾಗಿಲನ್ನು ರಬ್ಬರಿಗೆ ಒತ್ತಿ ಹಿಡಿಯುವುದೂ ಆ ಕೊಕ್ಕೆಗಳೇ.

ಕಳೆದ ಏಪ್ರಿಲ್‌ನಲ್ಲಿ ಹ್ಯಾಂಡಲ್ ಸ್ವಲ್ಪ ಬಿಗಿಯಾಯಿತು. ಬೀಗ ಅಂದ ಮೇಲೆ ತೆಂಗಿನೆಣ್ಣೆ ಅಲ್ಲವಾ, ನಮ್ಮಲ್ಲಿ ಎಲ್ಲದಕ್ಕೂ ಅದೇ ಮದ್ದು. ಅತ್ತೆ ಒಂದು ಚಮಚ ಬಿಟ್ಟರು, ನಾನು ಇನ್ನೊಂದು ಚಮಚ. ಮೇ ಹೊತ್ತಿಗೆ ಎರಡು ಕೈ ಬೇಕಾಯಿತು. ಬಾಗಿಲನ್ನು ಮೊಣಕಾಲಿನಿಂದ ತುಸು ಎತ್ತಿ ಹಿಡಿದರೆ ಮಾತ್ರ ಹ್ಯಾಂಡಲ್ ಪೂರ್ತಿ ಮೇಲೆ ಬರುತ್ತಿತ್ತು. ಮಧ್ಯಾಹ್ನ ಬಿಸಿಲು ನೇರ ಬಿದ್ದಾಗ ಅದೂ ಇಲ್ಲ. ಎತ್ತಿ ಹಿಡಿದರೆ ಬೀಗ ಬೀಳ್ತದೆ ಅಂದರೆ ಏನರ್ಥ ಅಂತ ಒಂದು ಕ್ಷಣ ಯೋಚಿಸಿದ್ದರೆ ಈ ಕತೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಳೆ ಹಿಡಿಯುವ ಮೊದಲು ಸರಿ ಮಾಡಿಸಬೇಕಿತ್ತು. ಬಾಗಿಲು ಹಾಕಿದವನ ಅಂಗಡಿ ಮುಚ್ಚಿ ಎರಡು ವರ್ಷವಾಗಿದೆ. ಮೊಬೈಲಿನಲ್ಲಿ ಹುಡುಕಿದೆ. ಮೇಲ್ಗಡೆಯೇ ಒಂದು ಹೆಸರು, ಉಡುಪಿಯದ್ದೇ ವಿಳಾಸ, ಹೊಗಳಿಕೆಯೂ ಧಾರಾಳ. ಫೋನ್ ಎತ್ತಿದ ಹುಡುಗಿ ಹಿಂದಿಯಲ್ಲಿ ಮಾತಾಡಿ "ತಪಾಸಣೆ ಉಚಿತ" ಅಂದಳು. (ಆ ವಿಳಾಸಕ್ಕೆ ನಾನು ಆಮೇಲೆ ಹೋದೆ. ಅಲ್ಲಿದ್ದದ್ದು ಜೆರಾಕ್ಸ್ ಅಂಗಡಿ. ಅಂಗಡಿಯವರು "ನೀವು ಮೂರನೆಯವರು ಅಕ್ಕ" ಅಂತ ನಕ್ಕರು.)

ಮರುದಿನ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬನ ಕೈಯಲ್ಲಿ ಡ್ರಿಲ್, ಇನ್ನೊಬ್ಬನ ಬೆನ್ನಿಗೆ ಚೀಲ. ಅಳತೆ ಪಟ್ಟಿ ತೆಗೆದದ್ದನ್ನು ನಾನು ಕೊನೆಯವರೆಗೂ ನೋಡಲಿಲ್ಲ. ದೊಡ್ಡವನು ಮುಚ್ಚಿದ ಬಾಗಿಲಿನ ಹ್ಯಾಂಡಲ್ ಹಿಡಿದು ಇಡೀ ಮೈಭಾರ ಹಾಕಿ ಮೇಲಕ್ಕೆ ಜಗ್ಗಿದ. ಒಳಗಿಂದ ಕಟ್ ಅಂತ ಸದ್ದು. ಹ್ಯಾಂಡಲ್ ಸತ್ತ ಕೋಳಿಯ ಕತ್ತಿನಂತೆ ಜೋತುಬಿತ್ತು.

"ನೋಡಿ ಮೇಡಂ, ಗೇರ್ ಹೋಗಿದೆ."

"ಈಗ ತಾನೆ ನೀವೇ ಮುರಿದದ್ದಲ್ವಾ?" ಅಂದೆ.

"ಒಳಗೆ ಮೊದಲೇ ತುಕ್ಕು ತಿಂದಿತ್ತು ಮೇಡಂ. ಇವತ್ತಲ್ಲ ನಾಳೆ ಹೋಗುವುದೇ. ಈ ಮಾಡೆಲ್ ಈಗ ಬರುವುದೂ ಇಲ್ಲ."

ಬರುವುದಿಲ್ಲ ಅನ್ನುವ ಮಾತು ಹೆಚ್ಚಿನ ಸಲ ಸುಳ್ಳು ಅಂತ ಈಗ ಗೊತ್ತಾಗಿದೆ. ಗೇರ್ ಅಂದರೆ ಹ್ಯಾಂಡಲಿನ ಹಿಂದೆ, ಬಾಗಿಲಿನ ಅಂಚಿನೊಳಗೆ ಕೂತಿರುವ ಸಣ್ಣ ಡಬ್ಬಿ. ಹ್ಯಾಂಡಲಿನ ತಿರುಗನ್ನು ಕೊಕ್ಕೆಗಳಿಗೆ ದಾಟಿಸುವುದು ಅದೇ. ಎಷ್ಟೋ ಬೀಗಗಳಲ್ಲಿ ಆ ಡಬ್ಬಿಯೊಂದನ್ನೇ ಬದಲಿಸಬಹುದು. ಬೇರೆ ಕಂಪೆನಿಯದ್ದಾದರೂ ಅಳತೆ ಕೂಡಿದರೆ ಕೂರುತ್ತದೆ.

ಮುಂದಿನದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೀ ಹಾಕುವ ಸಿಲಿಂಡರಿಗೆ ಅವನು ಡ್ರಿಲ್ ಇಟ್ಟ. ನನ್ನ ಕೈಯಲ್ಲಿ ಕೀ ಇತ್ತು, ಅದು ತಿರುಗುತ್ತಲೂ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ: ಕೀ ತಿರುಗುವ ಸಿಲಿಂಡರನ್ನು ಕೊರೆಯುವ ಅಗತ್ಯವೇ ಇಲ್ಲ. ಬಾಗಿಲು ತೆರೆದಿಟ್ಟು ಅಂಚಿನ ಪಟ್ಟಿಯಲ್ಲಿ ಸಿಲಿಂಡರಿನ ನೇರಕ್ಕಿರುವ ಒಂದು ಉದ್ದ ಸ್ಕ್ರೂ ಬಿಚ್ಚಿ, ಕೀಯನ್ನು ಒಂದು ಚೂರು ತಿರುಗಿಸಿ ಎಳೆದರೆ ಹಾಗೇ ಕೈಗೆ ಬರುತ್ತದೆ. ಕೀ ಕಳೆದುಹೋದವರ ಮನೆಯಲ್ಲಿ ಮಾಡುವ ಕೆಲಸವನ್ನು ಕೀ ಇದ್ದವಳ ಮನೆಯಲ್ಲಿ ಮಾಡಿದ್ದೇಕೆ? ಹೊಸ ಸಿಲಿಂಡರ್ ಮಾರಲಿಕ್ಕೆ.

ಆಮೇಲೆ ಆಯಸ್ಕಾಂತದ ಆಟ. ಹೊಸ ಹ್ಯಾಂಡಲಿಗೆ ಆಯಸ್ಕಾಂತ ಮುಟ್ಟಿಸಿ, "ನೋಡಿ, ಅಂಟುವುದಿಲ್ಲ. 316 ಸ್ಟೀಲ್, ಸಮುದ್ರದ ಹತ್ತಿರ ಇದೇ ಆಗಬೇಕು" ಅಂದ. ಅರ್ಧ ನಿಜ. ಉಪ್ಪುಗಾಳಿಗೆ 316 ಒಳ್ಳೆಯದೇ, ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಮ್ ಅನ್ನುವ ಲೋಹ ನೂರಕ್ಕೆ ಎರಡು ಮೂರರಷ್ಟು ಇರುತ್ತದೆ. ಆದರೆ ಅದಕ್ಕಿಂತ ಅಗ್ಗದ 304 ಸ್ಟೀಲಿಗೂ ಸಾಮಾನ್ಯವಾಗಿ ಆಯಸ್ಕಾಂತ ಅಂಟುವುದಿಲ್ಲ. ಸತುವಿನ ಎರಕಕ್ಕೆ ಹೊಳಪು ಕೊಟ್ಟ ಮಾಲಿಗೂ ಅಂಟುವುದಿಲ್ಲ. ನನಗೆ ಸಿಕ್ಕಿದ್ದು ಆ ಮೂರನೆಯದ್ದು. ಆಗಸ್ಟ್ ಹೊತ್ತಿಗೆ ಮೈತುಂಬ ಬಿಳಿ ಗುಳ್ಳೆ ಎದ್ದಿತ್ತು.

ಹೊಸ ಹ್ಯಾಂಡಲ್ ಕೂರಲೂ ಇಲ್ಲ. ಹ್ಯಾಂಡಲಿನ ಚೌಕ ಕಡ್ಡಿಯ ನಡುವಿನಿಂದ ಕೀ ತೂತಿನ ನಡುವಿಗೆ ಒಂದು ಅಂತರ ಇರುತ್ತದೆ. ನಮ್ಮದು 92 ಮಿಲಿಮೀಟರ್, ಅವರು ತಂದದ್ದು 85. ಅಳೆಯದೆ ತಂದರೆ ಇನ್ನೇನಾಗುತ್ತದೆ? ಹ್ಯಾಂಡಲ್ ಬದಲಿಸುವ ಬದಲು ಬಾಗಿಲನ್ನೇ ಅರದಿಂದ ತಿಕ್ಕಿ ತೂತು ದೊಡ್ಡದು ಮಾಡಿದರು. ಐದು ಕೊಕ್ಕೆಯ ಉದ್ದ ಪಟ್ಟಿಯನ್ನು ಪೂರ್ತಿ ಕಿತ್ತು, ನಡುವೆ ಒಂದೇ ನಾಲಿಗೆ ಇರುವ ಗಿಡ್ಡ ಬೀಗ ಕೂರಿಸಿದರು. ನಾನು ಆಗ ಚಾ ಮಾಡಲಿಕ್ಕೆ ಕೆಳಗೆ ಹೋಗಿದ್ದೆ. ಹೌದು, ಅವರಿಗೆ ಚಾ ಬೇರೆ.

ಲೆಕ್ಕ ಹೀಗಿತ್ತು: ಬೀಗದ ಸೆಟ್ 11,800, ಹ್ಯಾಂಡಲ್ ಜೋಡಿ 3,200, ಮಜೂರಿ 2,500, ಉಚಿತ ತಪಾಸಣೆಗೆ 500. ಒಟ್ಟು 18,000. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಆಗ್ತದೆ" ಅಂದರು. ಮೂರು ಸಾವಿರ ಉಳಿಯಿತು ಅಂತ ನಾನು ಸುಮ್ಮನಾದೆ. ಹಣ ಹೋದದ್ದು ಯಾರೋ ಒಬ್ಬ ವ್ಯಕ್ತಿಯ ಯುಪಿಐಗೆ, ಕಂಪೆನಿಯ ಹೆಸರಿಗಲ್ಲ. ಹೊರಡುವಾಗ ಹಳೆಯ ಬೀಗ, ಪಟ್ಟಿ, ಹ್ಯಾಂಡಲ್ ಎಲ್ಲವನ್ನೂ "ಗುಜರಿ, ನಿಮಗೆ ಎಂತಕ್ಕೆ" ಅಂತ ಚೀಲಕ್ಕೆ ತುಂಬಿಕೊಂಡರು. ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಹಳೆಯ ತುಂಡು ಮನೆಯಲ್ಲಿದ್ದಿದ್ದರೆ ಅಳತೆ ಅದರಲ್ಲೇ ಇರುತ್ತಿತ್ತು, ಪುರಾವೆಯೂ ಅದೇ ಆಗುತ್ತಿತ್ತು. ಮುರಿದದ್ದಾದರೂ ಅದು ನಿಮ್ಮ ಮಾಲು, ಹೊಸಿಲು ದಾಟಲು ಬಿಡಬೇಡಿ.

ಇನ್ನೂ ಒಂದು ಬಲೆ ಬೀಸಿದ್ದರು, ಅದರಿಂದ ಪಾರಾದದ್ದು ಅತ್ತೆಯಿಂದ. ಮಲಗುವ ಕೋಣೆಯ ಕಿಟಕಿಯ ಎರಡು ಗಾಜಿನ ನಡುವೆ ಮಂಜು ಕಟ್ಟಿತ್ತು. "ಇಡೀ ಕಿಟಕಿ ಚೇಂಜ್ ಆಗಬೇಕು, 42,000" ಅಂದ ದೊಡ್ಡವನು. ಅತ್ತೆ ಕುರ್ಚಿಯಿಂದಲೇ, "ಕನ್ನಡಕ ಮಬ್ಬಾದ್ರೆ ಮೂಗು ತೆಗೆಸ್ತಾರಾ ಮಾರಾಯಾ?" ಅಂದರು. ಅವನ ಬಾಯಿ ಬಂದ್. ಅತ್ತೆ ಹೇಳಿದ್ದೇ ಸರಿ. ಆ ಗಾಜುಗಳ ಅಂಚಿನ ಅಂಟು ಬಿಟ್ಟು ತೇವ ಒಳಗೆ ಹೋದರೆ ಒರೆಸಿ ತೆಗೆಯಲು ಆಗುವುದಿಲ್ಲ ನಿಜ, ಆದರೆ ಗಾಜಿನ ಜೋಡಿಯನ್ನಷ್ಟೇ ಅಳತೆಗೆ ಮಾಡಿಸಿ ಕೂರಿಸಿದರೆ ಸಾಕು. ಚೌಕಟ್ಟು, ಹ್ಯಾಂಡಲ್, ಕೀಲು ಎಲ್ಲ ಹಾಗೇ ಇರುತ್ತವೆ.

ಜೂನ್ ಎರಡನೇ ವಾರ. ಮಲ್ಪೆಯಲ್ಲಿ ಬೋಟುಗಳೆಲ್ಲ ಬಂದರಿನೊಳಗೆ ಸೇರಿ ಆಗಿತ್ತು. ಒಂದು ರಾತ್ರಿ ಪಡುಗಾಳಿ ಎದ್ದಾಗ ಬಾಗಿಲಿನ ಮೇಲಿನ ಮೂಲೆ ಹೊರಗೆ ಒಳಗೆ ಉಸಿರಾಡತೊಡಗಿತು. ಹಿಡಿದಿರುವುದು ನಡುವಿನ ಒಂದೇ ನಾಲಿಗೆ, ಮೇಲೂ ಕೆಳಗೂ ಏನಿಲ್ಲ. ರಬ್ಬರ್ ಒತ್ತಿಕೊಳ್ಳುವುದಾದರೂ ಹೇಗೆ? ಮೇಲಿಂದ ನೀರು, ಅರ ತಿಕ್ಕಿದ ತೂತಿನಿಂದಲೂ ನೀರು. ಹಳೆಯ ಲುಂಗಿ, ಗೋಣಿ ಎಲ್ಲ ತಂದು ಸುರಿದೆವು. ಬೆಳಿಗ್ಗೆ ಮೆಟ್ಟಿಲ ಮೂಲಕ ಚಾವಡಿಗೇ ನೀರು ಇಳಿದಿತ್ತು. ಫೋನ್ ಮಾಡಿದರೆ "ಮಳೆ ನೀರು ವಾರಂಟಿಗೆ ಬರುವುದಿಲ್ಲ" ಅಂತ ಉತ್ತರ. ನಾಲ್ಕನೇ ಸಲಕ್ಕೆ ನಂಬರೇ ಚಾಲ್ತಿಯಲ್ಲಿರಲಿಲ್ಲ.

ಪಕ್ಕದ ಮನೆಯವರು ಕಟಪಾಡಿಯ ಒಬ್ಬ ಹಿರಿಯರನ್ನು ಕಳಿಸಿದರು. ಮೊದಲು ಮರದ ಕೆಲಸ, ಆಮೇಲೆ ಅಲ್ಯೂಮಿನಿಯಂ, ಈಗ ಇದು. ಎಲ್ಲರೂ ಆಚಾರ್ರು ಅನ್ನುತ್ತಾರೆ. ಅವರು ಬೀಗ ಮುಟ್ಟಲೇ ಇಲ್ಲ. ಬಾಗಿಲು ತೆರೆದು ದಾರಂದದ ತಗಡುಗಳನ್ನು ಟಾರ್ಚ್ ಹಾಕಿ ನೋಡಿದರು. ಪ್ರತಿ ತೂತಿನ ಕೆಳ ಅಂಚಿನಲ್ಲಿ ಕೊಕ್ಕೆ ಗೀರಿದ ಗುರುತು. ಕೆಳಗೆ ಹೊಸಿಲಿನ ಮೇಲೂ ಬೀಗದ ಕಡೆ ಅರ್ಧಚಂದ್ರದಂತೆ ಒಂದು ಗೀರು.

"ಮಗಾ, ಬಾಗಿಲು ಜೋತಿದೆ. ಪಾಪ, ಬೀಗ ಎಂತ ಮಾಡ್ತದೆ?"

ಅವರು ವಿವರಿಸಿದ್ದು ಇದು. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ನಮ್ಮದು 6 ಮತ್ತು 6 ಮಿಲಿಮೀಟರಿನ ಎರಡು ಗಾಜು, ಒಂದೂವರೆ ಚದರ ಮೀಟರ್. ಅಲ್ಲಿಗೆ ಗಾಜೇ 45 ಕಿಲೋ ಆಯಿತು. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಅಷ್ಟು ಭಾರವನ್ನು ತಾನೇ ಹೊರಲಾರದು. ಅದಕ್ಕೇ ಗಾಜಿಗೂ ಚೌಕಟ್ಟಿಗೂ ನಡುವೆ ಮೂಲೆಯಿಂದ ಮೂಲೆಗೆ ಪ್ಯಾಕಿಂಗ್ ಬಿಲ್ಲೆ ಕೊಡುತ್ತಾರೆ. ಕೆಳಗೆ ಕೀಲಿನ ಕಡೆ ಒಂದು, ಮೇಲೆ ಬೀಗದ ಕಡೆ ಒಂದು. ಆಗ ಗಾಜೇ ಒಂದು ಆಧಾರದ ಕೋಲಿನಂತೆ ನಿಂತು ಭಾರವನ್ನು ಕೆಳಗಿನ ಕೀಲಿಗೆ ದಾಟಿಸುತ್ತದೆ. ನಮ್ಮ ಬಾಗಿಲಿನ ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡುವ ಅಂಚಿನ ಪಟ್ಟಿ, ಬಿಡಿಸಿದಾಗ ಮೇಲಿನ ಬಿಲ್ಲೆ ಜಾರಿ ಕೆಳಗೆ ಬಿದ್ದಿತ್ತು. ಬೀಗದ ಕಡೆ ಬಾಗಿಲು ನಾಲ್ಕು ಮಿಲಿಮೀಟರ್ ಇಳಿದಿತ್ತು, ಅಷ್ಟೇ. ಕೊಕ್ಕೆಗಳು ತೂತಿಗೆ ಹೋಗುವ ಬದಲು ತಗಡಿಗೆ ಗುದ್ದುತ್ತಿದ್ದವು. ಅದರ ಮೇಲೆ ಬಲ ಹಾಕಿ ಜಗ್ಗಿದರೆ ಮುರಿಯುವುದು ಗೇರ್ ಡಬ್ಬಿಯ ಪುಟ್ಟ ಹಲ್ಲು.

ಮಧ್ಯಾಹ್ನ ಜಾಸ್ತಿ ಬಿಗಿಯಾಗುತ್ತಿದ್ದದ್ದು ಯಾಕೆ ಅಂತ ಕೇಳಿದೆ. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಅದಕ್ಕೇ ಆಚಾರ್ರು ಕೆಲಸ ಮುಗಿಸಿದ ಮೇಲೆ, ಬಿಸಿಲು ಬಂದ ಇನ್ನೊಂದು ದಿನ ಮಧ್ಯಾಹ್ನ ಬಂದು ಮತ್ತೆ ನೋಡಿಯೇ ದುಡ್ಡು ತೆಗೆದುಕೊಂಡರು.

ಗಾಜನ್ನು ಚಪ್ಪಟೆ ಸನಿಕೆಯಿಂದ ಮೀಟಿ ಬಿಲ್ಲೆ ಕೂರಿಸಿದರು, ಕೀಲುಗಳನ್ನು ಅಲೆನ್ ಕೀಯಿಂದ ತುಸು ಏರಿಸಿದರು. ಒಂದು ಗಂಟೆಯ ಕೆಲಸ. ಏಪ್ರಿಲ್‌ನಲ್ಲೇ ಕರೆದಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಬಾರದಿತ್ತು, ಕೇಳಿದೆ. "ಒಂದು ಎಂಟುನೂರು." ಈಗ ಐದು ಕೊಕ್ಕೆಯ ಪಟ್ಟಿ ಹೊಸದಾಗಿ ಬೇಕಿತ್ತು, ಸಿಲಿಂಡರ್ ಬೇಕಿತ್ತು, 92ರ ಹ್ಯಾಂಡಲ್ ಬೇಕಿತ್ತು. ಮಂಗಳೂರಿನಿಂದ ತರಿಸಿ ಎಲ್ಲ ಸೇರಿ 7,400 ಆಯಿತು. ಬಿಲ್ ಕೊಟ್ಟರು.

ತೆಂಗಿನೆಣ್ಣೆಗೆ ಬೈಗುಳವೂ ಸಿಕ್ಕಿತು. ಅದು ದಿನ ಹೋದಂತೆ ಅಂಟಾಗಿ ಧೂಳು, ಉಪ್ಪು ಎಲ್ಲ ಹಿಡಿದುಕೊಳ್ಳುತ್ತದಂತೆ. ಕೀ ತೂತಿಗೆ ಗ್ರಾಫೈಟ್ ಪುಡಿ, ಕೊಕ್ಕೆಗಳಿಗೆ ತೆಳು ಗ್ರೀಸ್, ಇಷ್ಟೇ. ಹ್ಯಾಂಡಲನ್ನು ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಬೇಕು. ನಮ್ಮ ಕಡೆ ಉಪ್ಪು ಕೂರುವುದು ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು, ತೊಳೆಯಲಿಕ್ಕೆ ಮಳೆ ಇರುವುದಿಲ್ಲವಲ್ಲ.

ದೂರು ಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ನೋಂದಾಯಿಸಿಕೊಳ್ಳುತ್ತಾರೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆದರೆ ನನ್ನ ಕೈಯಲ್ಲಿರುವುದು ಒಂದು ಯುಪಿಐ ಚೀಟಿ, ಒಂದು ಸತ್ತ ನಂಬರ್, ಗುಳ್ಳೆ ಎದ್ದ ಒಂದು ಹ್ಯಾಂಡಲ್. ಮೂರು ಸಾವಿರದ ಆಸೆಗೆ ಬಿಲ್ ಬಿಟ್ಟವಳಿಗೆ ಅಷ್ಟೇ ಸಿಗುವುದು.

ಆಚಾರ್ರ ನಂಬರ್ ಕೊಡಿ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಡುವ ಹಾಗಿಲ್ಲ. "ನಂಬರ್ ಹಂಚಬೇಡ ಮಗಾ, ಈ ಮಳೆಗಾಲಕ್ಕೆ ಇರುವುದನ್ನೇ ಮುಗಿಸಲಿಕ್ಕೆ ಆಗುವುದಿಲ್ಲ. ಮೊದಲು ಬಾಗಿಲು ತೆರೆದು ಹ್ಯಾಂಡಲ್ ಎತ್ತಿ ನೋಡ್ಲಿಕ್ಕೆ ಹೇಳು" ಅಂದಿದ್ದಾರೆ.