ಮುಂಬೈನ ಗೇಟ್‌ವೇ ಹತ್ತಿರದ ಹಾಯಿದೋಣಿ ಕ್ಲಾಸ್: ಹೋಗಬಹುದು, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ

ಹೋದ ಭಾನುವಾರ ಮಾಟುಂಗಾದಲ್ಲಿ ಇಡ್ಲಿ ತಿಂದುಕೊಂಡು ನಾನೂ ಭಾವನೂ ಈ ಎರಡು ಗಂಟೆಯ ಕ್ಲಾಸಿಗೆ ಹೋಗಿದ್ದೆವು. 8 ಗಂಟೆಗೆ ಬನ್ನಿ ಅಂದಿದ್ದರು, ದೋಣಿ ಹತ್ತಿಸಿದ್ದು 8:40ಕ್ಕೆ. ಲೈಫ್ ಜಾಕೆಟ್ ಇನ್ನೂ ಒದ್ದೆ, ಹಿಂದಿನ ಬ್ಯಾಚಿನವರ ಬೆವರೋ ಉಪ್ಪುನೀರೋ ದೇವರೇ ಬಲ್ಲ. ನನ್ನದರ ಬಕಲ್ ಕೂರುತ್ತಲೇ ಇರಲಿಲ್ಲ, ಕೇಳಿದ ಮೇಲೆ ಬೇರೆ ಕೊಟ್ಟರು. ಅದಕ್ಕೇ ಒಂದು ಸ್ಟಾರ್ ಕಟ್.

ಕಲಿಸಿದ ಹುಡುಗ ಮಾತ್ರ ಚಿನ್ನ. ಹಾಯಿಯ ಕೆಳಗಿನ ಅಡ್ಡಗೋಲಿಗೆ ಬೂಮ್ ಅಂತಾರೆ, ದೋಣಿ ತಿರುಗಿಸುವಾಗ ಅದು ರಪ್ಪಂತ ಈ ಕಡೆಯಿಂದ ಆ ಕಡೆಗೆ ಬರುತ್ತೆ. "ತಲೆ!" ಅಂತ ಅವನು ಕೂಗುವಷ್ಟರಲ್ಲಿ ಭಾವನ ಟೋಪಿ ಸಮುದ್ರದ ಪಾಲು.

ಆಚೆ ಕಡೆ ಏನೋ ರೇಸ್ ನಡೀತಿತ್ತು. ಮುಂದಿದ್ದವನೇ ಗೆದ್ದ ಅಲ್ವಾ ಅಂದೆ. "ಹ್ಯಾಂಡಿಕ್ಯಾಪ್ ಹಾಕಿ ನೋಡಬೇಕು" ಅಂದ ಹುಡುಗ. ನನಗೆ ನೆನಪಾಗಿದ್ದು ಲೋಕಲ್ ಟ್ರೈನಿನ ಹ್ಯಾಂಡಿಕ್ಯಾಪ್ ಡಬ್ಬ! ಚೆಂಬೂರಿನಲ್ಲಿ ಗಾಲ್ಫ್ ಆಡುವ ಭಾವ ಮಾತ್ರ ಕಿವಿ ನೆಟ್ಟಗೆ ಮಾಡಿ "ನನ್ನದು 18" ಅಂದರು. ಗಾಲ್ಫಿನಲ್ಲಿ ಏಟು ಕಡಿಮೆ ಇದ್ದವನೇ ಗೆಲ್ಲುವುದು, ಹ್ಯಾಂಡಿಕ್ಯಾಪ್ ಅಂದರೆ ಕೈ ಸುಮಾರಾದವನಿಗೆ ಕೊಡುವ ಏಟಿನ ರಿಯಾಯಿತಿ. ಅವರು 92 ಏಟು ಹೊಡೆದರೆ 18 ಕಳೆದು 74. ಹ್ಯಾಂಡಿಕ್ಯಾಪ್ 4 ಇರುವವನು 80 ಹೊಡೆದರೂ ಅವನದು 76, ಭಾವನೇ ಗೆದ್ದ ಹಾಗೆ.

ದೋಣಿಯಲ್ಲಿ ಕಳೆಯುವುದು ಏಟನ್ನಲ್ಲ, ಸಮಯ ಸರಿಹೊಂದಿಸುತ್ತಾರೆ. ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅಂತ ಒಂದು ಪದ್ಧತಿ, ಒಂದೊಂದು ಜಾತಿಯ ದೋಣಿಗೆ ಒಂದೊಂದು ನಂಬರ್, ನಿಧಾನದ ದೋಣಿಗೆ ದೊಡ್ಡ ನಂಬರ್. ತಗೊಂಡ ಸಮಯವನ್ನು 1000ದಿಂದ ಗುಣಿಸಿ ಆ ನಂಬರಿನಿಂದ ಭಾಗಿಸಿದರೆ ಆಯ್ತು. 1000 ನಂಬರಿನ ದೋಣಿ 60 ನಿಮಿಷಕ್ಕೆ ಮುಟ್ಟಿತು, 1200ರದ್ದು 66ಕ್ಕೆ ಬಂತು ಅಂದುಕೊಳ್ಳಿ, ಅದರ ಲೆಕ್ಕ 55. ಹಿಂದೆ ಬಂದವನೇ ಫಸ್ಟು! ಆದರೆ ಈ ರಿಯಾಯಿತಿ ದೋಣಿಗೆ, ಓಡಿಸುವವನಿಗಲ್ಲ. ಗಾಲ್ಫಿನಲ್ಲಿ ಭಾವನ ಕೈ ಸುಮಾರಾಗಿದ್ದರೂ ನಡೆಯುತ್ತೆ, ಇಲ್ಲಿ ಹುಟ್ಟು ಸೋಮಾರಿಗೆ ಮಾಫಿ ಇಲ್ಲ. ನನಗಂತೂ ಇದೇ ನ್ಯಾಯ ಅನ್ನಿಸಿತು, ಭಾವನಿಗೆ ಅನ್ನಿಸಲಿಲ್ಲ.

ಮನೆಗೆ ಬಂದು ಹುಡುಕಿದರೆ ಈ ಹ್ಯಾಂಡಿಕ್ಯಾಪ್ ಅನ್ನೋ ಪದ ಹುಟ್ಟಿದ್ದೇ ಟೋಪಿಯಿಂದ: "ಹ್ಯಾಂಡ್ ಇನ್ ಕ್ಯಾಪ್", ಟೋಪಿಯೊಳಗೆ ಕೈ. ಇಂಗ್ಲೆಂಡಿನಲ್ಲಿ ವಸ್ತು ಅದಲುಬದಲು ಮಾಡುವ ಹಳೇ ಆಟವೊಂದಿತ್ತು, ಪಂಥದ ದುಡ್ಡು ಹಿಡಿದ ಕೈಯನ್ನು ಟೋಪಿಯೊಳಗೆ ಹಾಕುತ್ತಿದ್ದರು, ಬೆಲೆಯ ವ್ಯತ್ಯಾಸ ಎಷ್ಟು ಅಂತ ಮಧ್ಯಸ್ಥ ಹೇಳುತ್ತಿದ್ದ. ಅಲ್ಲಿಂದ ಕುದುರೆ ರೇಸಿಗೆ ಬಂತು, ಜೋರಾಗಿ ಓಡುವ ಕುದುರೆಗೆ ಜಾಸ್ತಿ ಭಾರ. ನಮ್ಮ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲೂ ಅದೇ ಲೆಕ್ಕ.

ಐದಕ್ಕೆ ನಾಲ್ಕು. ಮಳೆಗಾಲ ಶುರುವಾಗುವ ಮುಂಚೆ ಹೋಗಿ ಬನ್ನಿ. ಭಾವ ಇನ್ನೊಂದು ಸಲ ಹೋಗೋಣ ಅಂತಿದ್ದಾರೆ, ಟೋಪಿಗೆ ದಾರ ಕಟ್ಟಿಕೊಂಡು.