ಸೋಲಾರ್ ದುರಸ್ತಿ ಅಂಗಡಿಗೆ ಗಿರಾಕಿ ತಂದದ್ದು ಯಾವುದು: ಪ್ಯಾಕೇಜೋ, ಕರಪತ್ರವೋ, ಬ್ಲಾಗೋ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಪಕ್ಕದ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಸೋಲಾರ್ ವಾಟರ್ ಹೀಟರ್ ಮತ್ತು ಗೀಸರ್‌ಗಳ ದುರಸ್ತಿ ನಮ್ಮ ಕೆಲಸ, ಹೊಸದನ್ನು ಮಾರುವುದಿಲ್ಲ. ಗಿರಾಕಿಗಳಿಗಾಗಿ ಕಳೆದ ಎರಡು ವರ್ಷಗಳಲ್ಲಿ ಮೂರು ದಾರಿ ಹಿಡಿದು ನೋಡಿದ್ದೇನೆ: ಕರೆ ಒದಗಿಸುವ ಕಂಪನಿಯೊಂದರ ವಾರ್ಷಿಕ ಪ್ಯಾಕೇಜ್, ದಿನಪತ್ರಿಕೆಯೊಳಗೆ ಇಟ್ಟು ಹಂಚಿಸುವ ಕರಪತ್ರ, ಮತ್ತು ನಾನೇ ಕನ್ನಡದಲ್ಲಿ ಬರೆಯುವ ಬ್ಲಾಗ್. ಪ್ಯಾಕೇಜಿಗೆ ಕಟ್ಟಿದ 18,000 ರೂಪಾಯಿ ನೀರಿನಲ್ಲಿ ಹೋಮ ಮಾಡಿದಂತಾದ ಮೇಲೆ ಇದನ್ನು ಬರೆಯುತ್ತಿರುವುದರಿಂದ, ನನ್ನ ಒಲವು ಬ್ಲಾಗಿನ ಕಡೆಗೇ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಪ್ಯಾಕೇಜಿನಿಂದ ಕರೆಗಳು ಬರಲಿಲ್ಲ ಎಂದು ಹೇಳಲಾರೆ. ಬಂದವು, ಆದರೆ ಅದೇ ವಿಚಾರಣೆ ನನ್ನಂಥ ಇನ್ನೂ ನಾಲ್ವರಿಗೆ ಹೋಗಿರುತ್ತಿತ್ತು. ನವನಗರದ ಒಬ್ಬ ತಾಯಿ ಫೋನ್ ಎತ್ತಿದವರೇ "ನೀವು ಐದನೇದವರು ನೋಡ್ರಿ, ಎಷ್ಟಕ್ಕ ಮಾಡ್ತೀರಿ ಅಷ್ಟ ಹೇಳ್ರಿ" ಎಂದರು. ಅಲ್ಲಿಗೆ ಟ್ಯಾಂಕಿನಲ್ಲಿ ಏನು ಕೆಟ್ಟಿದೆ ಎಂಬ ಮಾತು ಮುಗಿದು, ಯಾರ ದರ ಕಡಿಮೆ ಎಂಬುದಷ್ಟೇ ಉಳಿಯಿತು.

ಕರಪತ್ರ ಚಳಿಗಾಲಕ್ಕೆ ಮುನ್ನ ಒಂದು ವಾರ ಕೆಲಸ ಮಾಡುತ್ತದೆ, ಆಮೇಲೆ ರದ್ದಿಗೆ ಸೇರುತ್ತದೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸುವುದು ಉಚಿತವಾಗಿದ್ದು ಎಲ್ಲರೂ ಮಾಡಬೇಕಾದದ್ದೇ ಆದ್ದರಿಂದ ಅದನ್ನು ಈ ಹೋಲಿಕೆಗೆ ಎಳೆದಿಲ್ಲ.

ಬ್ಲಾಗ್ ನಮ್ಮ ಕಸುಬಿಗೆ ಏಕೆ ಒಗ್ಗುತ್ತದೆಯೆಂದರೆ, ದುರಸ್ತಿ ಬೇಕಾದವರು ಮೊದಲು ಅಂಗಡಿಯನ್ನು ಹುಡುಕುವುದಿಲ್ಲ, ತಮ್ಮ ಮನೆಯ ತೊಂದರೆಯನ್ನು ಹುಡುಕುತ್ತಾರೆ. ನಮ್ಮ ಊರಿನ ತೊಂದರೆಗಳೂ ನಮ್ಮವೇ. ಮಲಪ್ರಭಾ ಜಲಾಶಯದ ನೀರು ಎಷ್ಟೋ ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಬರುತ್ತದೆ. ನಡುವೆ ಮೇಲಿನ ಟ್ಯಾಂಕ್ ಬರಿದಾಗಿ ಸೋಲಾರಿನ ನೀರೂ ಇಳಿದುಹೋದರೆ ಗಾಜಿನ ಕೊಳವೆಗಳು ಬಿಸಿಲಿಗೆ ಒಣಗಿ ಕಾಯುತ್ತವೆ. ಮಧ್ಯಾಹ್ನ ನಳ ಬಂತೆಂದು ಮೋಟಾರ್ ಹಾಕಿದರೆ ತಣ್ಣೀರು ತಗುಲಿದ ಕೂಡಲೇ ಕೊಳವೆ ಸಿಡಿಯುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುವುದು ಇನ್ನೊಂದು ತೊಂದರೆ. ಖಾಲಿ ಸೋಲಾರಿಗೆ ನೀರು ತುಂಬುವುದಾದರೆ ಬೆಳಗಿನ ಜಾವ ಅಥವಾ ಹೊತ್ತು ಮುಳುಗಿದ ಮೇಲೆ ತುಂಬಿ ಎಂದು ನಾನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುತ್ತಿದ್ದೆ. ಈಗ ಅದೇ ಉತ್ತರವನ್ನು ಒಡೆದ ಕೊಳವೆಯ ಚಿತ್ರದೊಂದಿಗೆ ಬರೆದಿಟ್ಟು, ಕೇಳಿದವರಿಗೆ ವಾಟ್ಸಾಪಿನಲ್ಲಿ ಕೊಂಡಿ ಕಳಿಸುತ್ತೇನೆ. ಅದನ್ನು ಓದಿ ಕರೆ ಮಾಡುವವರು ದರಕ್ಕಿಂತ ಮೊದಲು "ಯಾವಾಗ ಬರ್ತೀರಿ" ಎಂದು ಕೇಳುತ್ತಾರೆ.

ಆದರೆ ಇಲ್ಲಿಗೆ ತಲುಪುವ ಮೊದಲು ಒಂದು ತಾಪತ್ರಯ ನನ್ನ ಮೂರು ತಿಂಗಳನ್ನು ನುಂಗಿತು. ನನಗೆ ಆಗ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಕಾಗದದ ಮೇಲೆ ಬರೆದು, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಅವರ ಪರದೆಯ ಮೇಲೆ ಮುತ್ತಿನಂಥ ಅಕ್ಷರಗಳಿದ್ದವು. ಬ್ಲಾಗಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳು ಕೊಂಬು, ಚುಕ್ಕೆ ಹೊತ್ತು ನಿಂತವು. ಸರಿ, ಪುಟವನ್ನೇ ಚಿತ್ರವಾಗಿ ಮಾಡಿಕೊಡಿ ಎಂದು ಹಾಗೆಯೇ ಏರಿಸಿದೆ. ಮನುಷ್ಯರಿಗೆ ಓದಲು ಬರುತ್ತಿತ್ತು, ಆದರೆ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಬ್ಲಾಗನ್ನು ನೋಡಿದವರು ನಾನು ಮತ್ತು ನನ್ನ ಅಳಿಯ.

ಕಾರಣವನ್ನು ತಿಳಿಸಿದವನೂ ಅವನೇ. ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಕನ್ನಡವೇ ಇರುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿರುವುದರಿಂದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುತ್ತದೆ. ಉಚಿತ ಪರಿವರ್ತಕವೊಂದರಲ್ಲಿ ಹಳೆಯ ಬರಹಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿದೆ, ಅಲ್ಲಿ ಅರ್ಕಾವೊತ್ತು ಕೈಕೊಟ್ಟಿತು: 'ಖರ್ಚು' ಹೋಗಿ 'ಖಚುರ್' ಆಯಿತು, 'ವರ್ಷ' ಹೋಗಿ 'ವಷರ್' ಆಯಿತು. ನಾನು ಗಮನಿಸುವ ಮೊದಲೇ ವಿದ್ಯಾನಗರದ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿ, "ಪೈಪ್ ಬದಲಿಗೆ ಖಚುರ್ ಎಷ್ಟು ಬರ್ತದ್ರಿ?" ಎಂದು ನಗದೇ ಕೇಳಿದರು. ಕೊನೆಗೆ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ನಿಮ್ಮ ಬರಹವೂ ಇಂಥ ಫಾಂಟಿನಲ್ಲಿದ್ದರೆ ಪರಿವರ್ತಕದ ಹಿಂದೆ ಹೋಗದೆ ಹೊಸದಾಗಿ ಟೈಪ್ ಮಾಡುವುದೇ ಲೇಸು.

ಶೀರ್ಷಿಕೆಯಲ್ಲೂ ಎಡವಿದ್ದೆ. 'ಸೌರ ಜಲತಾಪಕಗಳ ನಿರ್ವಹಣೆ' ಎಂದು ಬರೆದರೆ ಯಾರೂ ಬರಲಿಲ್ಲ. ಜನ ಯಾವ ಮಾತಿನಿಂದ ಹುಡುಕಿ ಬಂದರೆಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ತೋರಿಸುತ್ತದೆ. ಅಲ್ಲಿದ್ದದ್ದು 'ಸೋಲಾರ್ ನೀರು ಬಿಸಿ ಆಗ್ತಿಲ್ಲ', ಒಂದೆರಡು ಕಡೆ ಅಪ್ಪಟ ನಮ್ಮದೇ 'ಸೋಲಾರ್ ನೀರ ಕಾಯವಲ್ದು'. ಊರಿನ ಹೆಸರಿನ ಇಂಗ್ಲಿಷ್ ರೂಪ Hubli ಹೋಗಿ Hubballi ಆದದ್ದು 2014ರ ನವೆಂಬರ್ 1ರಂದು. ಜನರ ಬೆರಳು ಇನ್ನೂ ಹಳೆಯದನ್ನೇ ಒತ್ತುವುದರಿಂದ ಪುಟದಲ್ಲಿ ಎರಡೂ ರೂಪಗಳನ್ನು ಬರೆದಿದ್ದೇನೆ.

ಬ್ಲಾಗಿಗೆ ನನಗಾಗುವ ಖರ್ಚು ಸ್ವಂತ ವೆಬ್ ವಿಳಾಸದ ಬಾಡಿಗೆಯೆಂದು ವರ್ಷಕ್ಕೆ ಸುಮಾರು ಸಾವಿರ ರೂಪಾಯಿ. ಜಾಗ ಗೂಗಲ್‌ನ ಬ್ಲಾಗರ್ ತಾಣದಲ್ಲಿ ಉಚಿತ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅರ್ಧ ತಾಸು ಕುಳಿತು ಅಂದು ಬಿಚ್ಚಿದ ಟ್ಯಾಂಕಿನ ಕಥೆ ಬರೆಯುವುದು ನನಗೆ ಬೇಸರವೆನಿಸುವುದಿಲ್ಲ, ಆದ್ದರಿಂದ ಈ ಲೆಕ್ಕ ನನಗೆ ಹೊಂದುತ್ತದೆ. ಬರೆಯುವುದೆಂದರೆ ತಲೆನೋವು ಎನ್ನುವವರು, ಈ ವಾರವೇ ನಾಲ್ಕು ಕೆಲಸ ಬೇಕೆನ್ನುವವರು ಬ್ಲಾಗಿನ ದಾರಿ ಕಾಯಬಾರದು, ಏಕೆಂದರೆ ಮೊದಲ ಕರೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಪಂಕ್ಚರ್ ಅಂಗಡಿಯಂತೆ ಎದುರಿಗೆ ಕಂಡದ್ದಕ್ಕೆ ಗಿರಾಕಿ ಬರುವ ಕಸುಬಿಗೂ ಇದರ ಅಗತ್ಯ ನನಗೆ ಕಾಣದು.

ಈ ಸಲ ಪ್ಯಾಕೇಜ್ ನವೀಕರಿಸಿಲ್ಲ. ದೀಪಾವಳಿಗೆ ಮುನ್ನ ಕೇಶ್ವಾಪುರ ಮತ್ತು ವಿದ್ಯಾನಗರಕ್ಕೆ ಮಾತ್ರ ಕರಪತ್ರ ಹಂಚಿಸಿ, ಅದರ ಮೇಲೆ ಬ್ಲಾಗಿನ ಕ್ಯೂಆರ್ ಕೋಡ್ ಹಾಕಿಸುವ ವಿಚಾರವಿದೆ. ಅಕ್ಷರ ಜೋಡಣೆಗೆ ಅದೇ ಡಿಟಿಪಿ ಅಂಗಡಿಗೆ ಹೋಗುತ್ತೇನೆ. ಕಾಗದದ ಮೇಲೆ ಅವರ ಫಾಂಟ್ ಇಂದಿಗೂ ಮುತ್ತಿನಂತೆಯೇ ಕಾಣುತ್ತದೆ.